ಹೊಸ್ತಿಲ ಮೇಲಿನ ಕಣ್ಣು

ಹೊನ್ನಾವರ
೧೮ ಜುಲೈ ೨೦೨೩

ತಂಗಿ ಚಂದನಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜ್ ಓದುತ್ತೀಯ, ಉತ್ತರ ಕೊಡುವುದಿಲ್ಲ. ಅದಕ್ಕೇ ಈ ಕಾಗದ. ಬೇಕೆಂದೇ ನಿನ್ನ ಶಾಲೆಯ ವಿಳಾಸಕ್ಕೆ ಹಾಕಿದ್ದೇನೆ. ಮಕ್ಕಳೆದುರು ಟೀಚರು ಕಾಗದ ಹರಿದು ಎಸೆಯುವ ಹಾಗಿಲ್ಲವಲ್ಲ! ಸಿಟ್ಟು ಬಂದರೆ ಬರಲಿ, ಓದು.

ಅವ್ವಿ ನನ್ನ ಮನೆಗೆ ಬಂದು ತಿಂಗಳಾಯಿತು. ಊಟಕ್ಕೆ ತಕರಾರಿಲ್ಲ. ಗಂಜಿಗೆ ಒಂದು ತುಂಡು ಒಣಮೀನು ಸುಟ್ಟುಕೊಟ್ಟರೆ ಮುಖ ಅರಳುತ್ತದೆ. ನನ್ನನ್ನು ಬೆಳಿಗ್ಗೆ ಮಾಲತಿ ಅನ್ನುತ್ತಾಳೆ, ಮಧ್ಯಾಹ್ನ "ನೀ ಯಾರ ಮನೆ ಹುಡ್ಗಿಯೇ, ಪಾಪ, ಎಷ್ಟು ಕೆಲ್ಸ ಮಾಡ್ತೆ" ಅನ್ನುತ್ತಾಳೆ. ನಗಬೇಕೋ ಅಳಬೇಕೋ ಹೇಳು.

ಸಂಜೆಯೇ ಕಷ್ಟ. ದೀಪ ಹಚ್ಚುವ ಹೊತ್ತಾಯಿತೋ, ಎದ್ದು ನಿಲ್ಲುತ್ತಾಳೆ. "ತಾರಿ ಬರೂ ಹೊತ್ತಾತು. ಅವ್ರಿಗೆ ದೀಪ ತೋರ್ಸಬೇಕು." ಮಾವಿನಕುರ್ವೆಯಲ್ಲಿ ನಾವು ಸಣ್ಣವರಿದ್ದಾಗ ಅಪ್ಪ ಕೊನೆಯ ತಾರಿ ದೋಣಿ ದಾಟಿಸಿಕೊಂಡು ಬರುವಾಗ ಅವ್ವಿ ಹೊಳೆಯ ಅಂಚಿನಲ್ಲಿ ದೀಪ ಹಿಡಿದು ನಿಲ್ಲುತ್ತಿದ್ದಳಲ್ಲ, ಅದೇ. ಅಪ್ಪ ಸತ್ತದ್ದು ಅವಳಿಗೆ ಮರೆತಿದೆ, ದೀಪ ಮಾತ್ರ ಮರೆತಿಲ್ಲ. ನಮ್ಮ ಬೀದಿ ಇಳಿದರೆ ದೋಣಿ ನಿಲ್ಲುವ ದಕ್ಕೆ, ದಕ್ಕೆ ಇಳಿದರೆ ಶರಾವತಿ. ಈಗಾಗಲೇ ಎರಡು ಸಲ ನಿನ್ನ ಭಾವ ನರೇಶ ಅಲ್ಲಿಂದ ಕೈಹಿಡಿದು ಕರೆತಂದರು. ಅವರು ಮೀನಿನ ಲಾರಿ ಹತ್ತಿದರೆ ವಾರಗಟ್ಟಲೆ ಇರುವುದಿಲ್ಲ. ಆಗ ನಾನೊಬ್ಬಳೇ.

ಅದಕ್ಕೇ ಮನೆಗೆ ಸೈರನ್ ಹಾಕಿಸಿದೆವು. ಕುಮಟಾದ ರಮಾನಂದ ಅನ್ನುವವರು ಬಂದು ಕೂಡಿಸಿಕೊಟ್ಟರು. ನಡುಮನೆಯ ಗೋಡೆಗೆ ಒಂದು ಪೆಟ್ಟಿಗೆ, ಅದರೊಳಗೆ ಕರೆಂಟು ಹೋದಾಗ ನಡೆಯಲು ಬ್ಯಾಟರಿ. ಹಿಂಬಾಗಿಲಿಗೂ ಕಿಟಕಿಗಳಿಗೂ ಅಯಸ್ಕಾಂತದ ತುಂಡುಗಳು. ಮುಂಬಾಗಿಲಿನ ಮೇಲೆ ಸೋಪಿನ ಡಬ್ಬಿಯಷ್ಟು ದೊಡ್ಡ ಬಿಳಿ ಕಣ್ಣು. ಅದು ಚಾಲೂ ಇದ್ದಾಗ ಯಾರಾದರೂ ಹೊಸ್ತಿಲು ದಾಟಿದರೆ ಮಾಡಿನ ಕೆಳಗಿನ ಸೈರನ್ ಊರಿಗೇ ಕೇಳುವಂತೆ ಕೂಗುತ್ತದೆ.

"ಕಳ್ಳರ ಕಾಟವಾ ಅಕ್ಕಾ?" ಅಂತ ಕೇಳಿದರು ರಮಾನಂದ.

"ಕದಿಯೂಕೆ ಎಂತ ಇದೆ ಮಾರಾಯ್ರೆ ಇಲ್ಲಿ? ಇದು ನಮ್ಮ ಅವ್ವಿ ಹೊರಗೆ ಹೋಗ್ದೆ ಇರ್ಲಿ ಅಂತ."

ಅವರು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿ ಅವ್ವಿಯನ್ನು ನೋಡಿದರು. "ಒಳಗೆ ಬರೂದೋ ಹೊರಗೆ ಹೋಗೂದೋ, ಅದಕ್ಕೆ ಗೊತ್ತಾಗೂದಿಲ್ಲ. ದಾಟಿದ್ರೆ ಕೂಗ್ತದೆ, ಅಷ್ಟೇ" ಅಂದರು.

ತೆಂಗಿನಗುಂಡಿಯಲ್ಲಿ ನಾನು ಆಡಿದ ಮಾತಿಗೆ ನೀನು ಇನ್ನೂ ಮುನಿಸಿಕೊಂಡಿದ್ದೀಯ. ಗೊತ್ತು. ಆದರೂ ಒಂದು ಸಾಲು ಬರೆ.

ನಿನ್ನ ಅಕ್ಕ,
ಮಾಲತಿ


ಭಟ್ಕಳ
೯ ಆಗಸ್ಟ್ ೨೦೨೩

ಅಕ್ಕಾ,

"ಒಂದು ಬಾಗ್ಲು ಕಾಯೂಕೆ ಆಗ್ಲಿಲ್ವ ನಿಂಗೆ?"

ಇದೇ ಅಲ್ಲವಾ ಆ ಮಾತು? ನೀನು ಬರೆಯಲಿಲ್ಲ, ಅದಕ್ಕೆ ನಾನೇ ಬರೆದೆ. ಒಂದೂವರೆ ವರ್ಷ ಅವ್ವಿ ನನ್ನ ಹತ್ತಿರ ಇದ್ದಳು. ಮೀಯಿಸಿದೆ, ಉಣ್ಣಿಸಿದೆ, ಹೇಲು ಉಚ್ಚೆ ಬಳಿದೆ. ಶಾಲೆಗೆ ಹೋಗುವಾಗ ಪಕ್ಕದ ಮನೆಯವರ ಕಾಲು ಹಿಡಿದು ಬಿಟ್ಟುಹೋಗುತ್ತಿದ್ದೆ. ಒಂದು ದಿನ, ನಾನು ಸ್ನಾನಕ್ಕೆ ಹೋದಾಗ, ಬಾಗಿಲು ತೆಗೆದುಕೊಂಡು ಹೋದಳು. ತೆಂಗಿನಗುಂಡಿಯ ದೋಣಿಯವರು ಅವಳನ್ನು ನೀರಿನಂಚಿನಿಂದ ಎತ್ತಿ ಕೂರಿಸಿ ಚಾ ಕುಡಿಸಿದ್ದರು. ನೀನು ಬಂದೆ, ಅಷ್ಟು ಜನರೆದುರು ಆ ಮಾತು ಆಡಿದೆ, ಒದ್ದೆ ಸೀರೆಯಲ್ಲೇ ಅವಳನ್ನು ಗಾಡಿ ಹತ್ತಿಸಿಕೊಂಡು ಹೋದೆ. ಸೀರೆ ಬದಲಿಸಲೂ ನನಗೆ ಬಿಡಲಿಲ್ಲ.

ಸೈರನ್ ಹಾಕಿಸಿದ್ದು ಒಳ್ಳೆಯದಾಯಿತು. ನನಗೆ ಅಷ್ಟು ಬುದ್ಧಿ ಇರಲಿಲ್ಲ.

ಫೋನ್ ಬೇಡ. ನಿನ್ನ ಧ್ವನಿ ಕೇಳಿದರೆ ನನಗೆ ಆ ಮಾತೇ ಕೇಳುತ್ತದೆ. ಬರೆಯುವುದಿದ್ದರೆ ಬರೆ.

ಅವ್ವಿ ನನ್ನನ್ನು ಕೇಳುತ್ತಾಳಾ?

ಚಂದನಾ


ಹೊನ್ನಾವರ
೩೦ ಆಗಸ್ಟ್ ೨೦೨೩

ಚಂದನಾ,

ಕೇಳುತ್ತಾಳೆ. "ಸಣ್ಣದು ಶಾಲೆಯಿಂದ ಬಂತಾ?" ಅಂತ. ನೀನು ಇನ್ನೂ ಶಾಲೆಗೆ ಹೋಗುವ ಹುಡುಗಿ ಅಂತ ಅವಳ ಲೆಕ್ಕ. ಒಂದು ರೀತಿಯಲ್ಲಿ ಸರಿಯೇ.

ನಮ್ಮ ಸೈರನ್ನಿನ ಕತೆ ಕೇಳಿದರೆ ನಿನಗೆ ನಗು ಬರಬಹುದು. ಬಂದರೆ ನಗು, ಹಲ್ಲು ಉದುರುವುದಿಲ್ಲ. ಅವ್ವಿ ಮಲಗಿದ್ದಾಳೆ, ನಾನು ಕೊಟ್ಟೆ ಕಡುಬಿಗೆ ಹಿಟ್ಟು ತಿರುವುತ್ತಿದ್ದೇನೆ, ಬಡಕೊಳ್ಳಲು ಶುರು ಮಾಡಿತು! ಹಿಟ್ಟಿನ ಕೈಯಲ್ಲೇ ಓಡಿದೆ. ಹೊಸ್ತಿಲಲ್ಲಿ ಯಾರೂ ಇಲ್ಲ. ಅವ್ವಿ ಹಾಸಿಗೆಯಲ್ಲೇ ಇದ್ದಾಳೆ. ತಲೆಯೆತ್ತಿ ನೋಡಿದರೆ ಆ ಬಿಳಿ ಕಣ್ಣಿನ ಮೇಲೆ ಒಂದು ಹಲ್ಲಿ, ಮಾವನ ಮನೆಗೆ ಬಂದ ಅಳಿಯನ ಹಾಗೆ ಕೂತಿದೆ. ಅಂದಿನಿಂದ ದಿನ ಬಿಟ್ಟು ದಿನ ಅದರದೇ ಕಾರುಬಾರು. ಮೊದಲು ಬೀದಿಯವರೆಲ್ಲ ಓಡಿ ಬರುತ್ತಿದ್ದರು. ಈಗ ಎದುರು ಮನೆಯ ಶರ್ಮಿಳಾ ಕೂತಲ್ಲಿಂದಲೇ ಕೂಗುತ್ತಾಳೆ: "ಹಲ್ಲಿಯಾ ಮಾಲತೀ?" ನಾನೂ ಇಲ್ಲಿಂದಲೇ: "ಹೌದೇ, ಹಲ್ಲಿ!"

ಹಲ್ಲಿಯನ್ನು ಕೊಂದರೆ ಪಾಪ. ರಮಾನಂದರಿಗೆ ಫೋನ್ ಮಾಡಿದೆ. ಕಣ್ಣನ್ನು ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ಹೊಳೆಬದಿಯ ಉಪ್ಪುಗಾಳಿ ಅದಕ್ಕೆ ಒಳ್ಳೆಯದಲ್ಲ, ತಿಂಗಳಿಗೊಮ್ಮೆ ಕೂಗಿಸಿ ನೋಡಿ, ಬ್ಯಾಟರಿಯ ಕೆಂಪು ದೀಪ ಮಿನುಗಿದರೆ ಹೇಳಿ ಅಂದರು. ಹಲ್ಲಿಗೆ ಎಂತ ಮಾಡೂದು ಅಂದರೆ ಮೊಟ್ಟೆಯ ಸಿಪ್ಪೆ ಕಟ್ಟಿ ಅಂದರು. ಕಟ್ಟಿದ್ದೇನೆ. ಹಲ್ಲಿ ಈಗ ಸಿಪ್ಪೆಯ ಮೇಲೆಯೇ ಕೂರುತ್ತದೆ.

ನಗು ಅಷ್ಟೇ. ಉಳಿದದ್ದು ನಗುವಂಥದ್ದಲ್ಲ. ಸೈರನ್ ಕೂಗಿದರೆ ಅವ್ವಿ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋಗುತ್ತಾಳೆ. ಸೀರೆಯಲ್ಲೇ ಉಚ್ಚೆ ಹೋಗುತ್ತದೆ. ಎಳೆದು ಹೊರಗೆ ತರುವಾಗ ನನ್ನ ಕೈ ಕಚ್ಚುತ್ತಾಳೆ. ಅದಕ್ಕೆ ಸಂಜೆಯಾಗುತ್ತಿದ್ದಂತೆ ಮುಂಬಾಗಿಲಿಗೆ ಚಿಲಕ ಹಾಕಿ ಕೂರುತ್ತೇನೆ, ಅವಳು ದಾಟುವುದೂ ಬೇಡ, ಅದು ಕೂಗುವುದೂ ಬೇಡ ಅಂತ. ಆಗ ಅವಳು ಬಾಗಿಲಿಗೆ ಹಣೆ ಹೊಡೆದುಕೊಳ್ಳುತ್ತಾಳೆ. "ತೆಗೀರೇ, ಅವ್ರು ಹೊಳೆಯಲ್ಲಿ ಇದ್ದಾರೆ, ಕತ್ಲಾತು, ದಡ ಕಾಣೂದಿಲ್ಲ ಅವ್ರಿಗೆ." ನಿನ್ನೆ ಹಣೆ ಒಡೆದು ರಕ್ತ ಬಂತು. ನಾನು ಒಳಕೋಣೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಬಾಗಿಲು ಕಾಯುವುದು ಏನು ಅಂತ ಈಗ ಗೊತ್ತಾಗುತ್ತಿದೆ. ಇದಕ್ಕಿಂತ ಹೆಚ್ಚು ಹೇಳಿಸಬೇಡ ನನ್ನಿಂದ.

ಮಾಲತಿ


ಭಟ್ಕಳ
೨೧ ಸೆಪ್ಟೆಂಬರ್ ೨೦೨೩

ಅಕ್ಕಾ,

ನಿನ್ನ ಕಾಗದ ಸ್ಟಾಫ್ ರೂಮಿನಲ್ಲಿ ಓದಿದೆ. ಹಲ್ಲಿಯ ಕತೆಗೆ ನಗು ಬಂತು, ಪಕ್ಕದ ಟೀಚರು ಏನು ಅಂತ ಕೇಳುವಷ್ಟರಲ್ಲಿ ಕೊನೆಯ ಸಾಲುಗಳಿಗೆ ಬಂದಿದ್ದೆ. ಕಾಗದ ಮಡಚಿ ಬ್ಯಾಗಿಗೆ ಹಾಕಿದೆ.

ಒಂದು ಮಾತು ಹೇಳುತ್ತೇನೆ, ಬೈಯಬೇಡ. ದೀಪದ ಹೊತ್ತಿಗೆ ಮುಂಬಾಗಿಲು ಮುಚ್ಚಬೇಡ. ಹಿಂಬಾಗಿಲು ಹಾಕಿ ಮುಂಬಾಗಿಲು ತೆರೆದು ದೀಪ ಹಚ್ಚಬೇಕು, ಲಕ್ಷ್ಮಿ ಬರುವ ಹೊತ್ತು ಅಂತ ನಮಗೆ ಕಲಿಸಿದವಳು ಅವಳೇ. ನಾವು ಆಟದ ಗಡಿಬಿಡಿಯಲ್ಲಿ ಬಾಗಿಲು ಎಳೆದುಕೊಂಡು ಓಡಿದರೆ ಬೆನ್ನಿಗೆ ಬೀಳುತ್ತಿತ್ತು. "ಸತ್ತವ್ರ ಮನೆ ಮಾಡ್ತ್ರಿ ಏನ್ರೇ?" ಅಂತಿದ್ದಳು. ನಮ್ಮ ಹೆಸರು ಹೋಯಿತು, ಅಪ್ಪನ ಸಾವು ಹೋಯಿತು, ಉಣ್ಣುವುದು ತೊಳೆಯುವುದು ಹೋಯಿತು. ಉಳಿದಿರುವುದು ಅದೊಂದು ಬಾಗಿಲು. ಅದನ್ನೂ ಅವಳಿಂದ ಕಿತ್ತುಕೊಳ್ಳಬೇಡ ಅಕ್ಕಾ.

ನೀನು ಪಕ್ಕದಲ್ಲೇ ಕೂರು. ಅಷ್ಟು ಹೊತ್ತು ಆ ಕಣ್ಣನ್ನು ಬಂದ್ ಮಾಡುವುದಕ್ಕೆ ಆಗುವುದಿಲ್ಲವಾ?

ಚಂದನಾ


ಹೊನ್ನಾವರ
೧೫ ಅಕ್ಟೋಬರ್ ೨೦೨೩

ಚಂದು,

ನಿನ್ನ ಕಾಗದ ಓದಿ ಮೊದಲು ಸಿಟ್ಟೇ ಬಂತು. ದೂರದಲ್ಲಿ ಕೂತು ಹೇಳುವುದು ಸುಲಭ, ಹೊಳೆ ಇರುವುದು ನನ್ನ ಮನೆಯ ಕೆಳಗೆ ಅಂತ. ಎರಡು ದಿನ ಬೈದುಕೊಂಡು ತಿರುಗಿದೆ. ಮೂರನೆಯ ದಿನ ರಮಾನಂದರನ್ನು ಕರೆಸಿದೆ. ಅವರಿಗೆ ನನ್ನ ಮಾತು ಅಷ್ಟು ಹಿಡಿಸಲಿಲ್ಲ. "ಮುಂಬಾಗಿಲು ಒಂದನ್ನೇ ಬಿಟ್ಟುಬಿಡೂ ಹಾಗೆ ಮಾಡ್ಬಹುದು. ಆದ್ರೆ ತಿರುಗಿ ಚಾಲೂ ಮಾಡೂದು ಅದು ತಾನಾಗಿ ಮಾಡೂದಿಲ್ಲ, ನೀವೇ ಒತ್ತಬೇಕು" ಅಂತ ಹೇಳಿದರು. ಗುಂಡಿ ತೋರಿಸಿ, ನನ್ನ ಕೈಯಿಂದಲೇ ಒತ್ತಿಸಿ ಕಲಿಸಿದರು.

ಈಗ ಕೇಳು. ಹಿಂಬಾಗಿಲು ಹಾಕುತ್ತೇನೆ. ಗುಂಡಿ ಒತ್ತಿ ಕಣ್ಣು ಬಂದ್ ಮಾಡುತ್ತೇನೆ. ಮುಂಬಾಗಿಲು ತೆಗೆದು ದೀಪ ಹಚ್ಚಿ ಅವ್ವಿಯ ಕೈಗೆ ಕೊಡುತ್ತೇನೆ. ಅವಳು ಹೊಸ್ತಿಲ ಮೇಲೆ ಕೂರುತ್ತಾಳೆ, ನಾನು ಅವಳ ಸೆರಗಿನ ಚುಂಗು ಹಿಡಿದು ಕೂರುತ್ತೇನೆ. ಹೊಳೆಯ ಕಡೆ ನೋಡುತ್ತಾ ಹಾಡುತ್ತಾಳೆ ಮಾರಾಯ್ತಿ! ಒಂದು ಶಬ್ದವೂ ತಪ್ಪುವುದಿಲ್ಲ. ಮದುವೆಯ ಹಾಡು, ನಾಟಿಯ ಹಾಡು, ನಿನ್ನನ್ನು ತೊಟ್ಟಿಲಿಗೆ ಹಾಕಿದ ದಿನದ ಹಾಡು. ಹಾಡಿ ಮುಗಿಸಿ, "ಬಂದ್ರು, ಕಾಲು ತೊಳಕಣ್ಲಿ" ಅಂತ ತಾನಾಗಿಯೇ ಎದ್ದು ಒಳಗೆ ಬರುತ್ತಾಳೆ. ನಾನು ಬಾಗಿಲು ಹಾಕಿ ಕಣ್ಣು ಚಾಲೂ ಮಾಡುತ್ತೇನೆ. ಹಣೆಯ ಗಾಯ ಮಾಗಿದೆ. ಮೊನ್ನೆ ನನ್ನ ತಲೆಗೆ ಎಣ್ಣೆ ಹಚ್ಚಿದಳು!

ಶರ್ಮಿಳಾ ಈಗ ಹಲ್ಲಿಯನ್ನು ಕೇಳುವುದಿಲ್ಲ, ಹಾಡು ಕೇಳಲು ಜಗಲಿಗೆ ಬಂದು ಕೂರುತ್ತಾಳೆ.

ನೀನು ಹೇಳಿದ್ದೇ ಸರಿ. ಬರೆದುಕೊಟ್ಟಿದ್ದೇನೆ, ಬೇಕಾದರೆ ಕಟ್ಟು ಹಾಕಿಸಿ ಶಾಲೆಯಲ್ಲಿ ತೂಗುಹಾಕು.

ಒಂದು ದಿನ ದೀಪದ ಹೊತ್ತಿಗೆ ಫೋನ್ ಮಾಡೇ. ನನ್ನ ಹತ್ತಿರ ಮಾತಾಡಬೇಕು ಅಂತೇನೂ ಇಲ್ಲ. ಅವ್ವಿಯ ಹಾಡು ಕೇಳಿಸುತ್ತೇನೆ.

ನಿನ್ನ ಅಕ್ಕ,
ಮಾಲತಿ


ಭಟ್ಕಳ
೬ ನವೆಂಬರ್ ೨೦೨೩

ಅಕ್ಕಾ,

ನಿನ್ನ ಕಾಗದ ಅದೆಷ್ಟು ಸಲ ಓದಿದೆನೋ. "ಚಂದು" ಅಂತ ನೀನು ನನ್ನನ್ನು ಕರೆಯದೆ ಎಷ್ಟು ಕಾಲವಾಗಿತ್ತು!

ದೀಪಾವಳಿ ಮುಗಿದ ಮೇಲಿನ ಭಾನುವಾರ ಮಾಡುತ್ತೇನೆ. ನಿನ್ನ ಹತ್ತಿರವೂ ಮಾತಾಡುತ್ತೇನೆ, ಗತಿಯಿಲ್ಲವಲ್ಲ. ಅವ್ವಿಗೆ ಒಂದು ಹತ್ತಿ ಸೀರೆ ತೆಗೆದಿಟ್ಟಿದ್ದೇನೆ, ಅವಳಿಗೆ ಇಷ್ಟವಾದ ಆ ಗಿಳಿಹಸಿರು. ಡಿಸೆಂಬರಿನಲ್ಲಿ ರಜೆ ಹಾಕಿ ನಾನೇ ತರುತ್ತೇನೆ. ನಾನೇ ಉಡಿಸುತ್ತೇನೆ, ಆಯಿತಾ? ಅಡ್ಡ ಬರಬೇಡ.

ನಿನ್ನ ಚಂದು


ಹೊನ್ನಾವರ
೧೧ ಡಿಸೆಂಬರ್ ೨೦೨೩

ಚಂದನಾ,

ನೀನು ಇಲ್ಲಿದ್ದಷ್ಟು ದಿನವೂ ನಾವಿಬ್ಬರು ಮಾತಾಡಲಿಲ್ಲ. ನೀನು ಬಸ್ಸು ಹತ್ತುವಾಗಲೂ ಆಡಲಿಲ್ಲ. ಕಾಗದದಲ್ಲಿ ಹೇಗೂ ರೂಢಿಯಾಗಿದೆಯಲ್ಲ ಅಂತ ಬರೆಯುತ್ತಿದ್ದೇನೆ.

ಅವ್ವಿ ಇನ್ನೂ ಸಿಕ್ಕಿಲ್ಲ. ಮಾವಿನಕುರ್ವೆಯ ದೋಣಿಯವರು ಅಪ್ಪನ ಹೆಸರು ಹೇಳಿಕೊಂಡು ತಾವಾಗಿಯೇ ಅಳಿವೆಯ ಬಾಯಿಯವರೆಗೆ ಹುಡುಕಿದರು. ಇಳಿತದ ಹೊತ್ತು, ಎಳೆದುಕೊಂಡು ಹೋಗಿರುತ್ತದೆ ಅಂತ ಅವರಲ್ಲಿ ಹಿರಿಯರಾದ ಭಾಸ್ಕರಣ್ಣ ಹೇಳಿದರು. ದಕ್ಕೆಯ ಕೊನೆಯ ಮೆಟ್ಟಿಲಿನಲ್ಲಿ ಸಿಕ್ಕಿದ ದೀಪವನ್ನು ಪೊಲೀಸರು ವಾಪಸು ಕೊಟ್ಟಿದ್ದಾರೆ. ಅದರಲ್ಲಿ ಎಣ್ಣೆ ಇತ್ತು. ಗಾಳಿಗೆ ಆರಿತ್ತು ಅಷ್ಟೇ. ಬೀಳಿಸಿರಲಿಲ್ಲ, ನೆಟ್ಟಗೆ ಇಟ್ಟಿದ್ದಳು.

ಎಲ್ಲರಿಗೂ ನಾನು ಹಾಲು ಅಂತ ಹೇಳಿದ್ದೇನೆ. ಒಲೆಯ ಮೇಲೆ ಹಾಲು ಉಕ್ಕಿತು, ಇಳಿಸಲು ಒಳಗೆ ಹೋದೆ, ಬರುವಷ್ಟರಲ್ಲಿ ಇರಲಿಲ್ಲ. ಪೊಲೀಸರಿಗೂ ಹಾಲು, ನರೇಶನಿಗೂ ಹಾಲು, ಶರ್ಮಿಳಾಗೂ ಹಾಲು. ಅವತ್ತು ಶರ್ಮಿಳಾ ತವರಿಗೆ ಹೋಗಿದ್ದಳು, ಜಗಲಿಯಲ್ಲಿ ಯಾರೂ ಇರಲಿಲ್ಲ. ನೀನು ಆ ಮಾತು ಬಂದಾಗ ತಲೆ ತಗ್ಗಿಸಿ ಕೂತಿದ್ದೆ. ಫೋನಿನ ವಿಷಯ ಯಾರಿಗೂ ಹೇಳಬೇಡ. ಫೋನ್ ಮಾಡು ಅಂತ ಕರೆದವಳು ನಾನು. ಮುಂಬಾಗಿಲ ಹತ್ತಿರ ಸಿಗ್ನಲ್ ಸರಿಯಿಲ್ಲ ಅಂತ ಅವಳ ಸೆರಗು ಬಿಟ್ಟು ಹಿತ್ತಿಲ ಕಡೆಯ ಕಿಟಕಿಗೆ ಹೋದವಳೂ ನಾನೇ. ಮೊದಲು ಅವಳ ಹಾಡು ಕೇಳಿಸಬೇಕಿತ್ತು. ನಿನ್ನ ಧ್ವನಿ ಕೇಳಿದ್ದೇ ನನಗೇ ಮಾತಾಡಬೇಕು ಅನ್ನಿಸಿಬಿಟ್ಟಿತು. ಹಲ್ಲಿಯ ಕತೆ ಮತ್ತೊಮ್ಮೆ ಹೇಳು ಅಂದೆಯಲ್ಲ, ಹೇಳಿದೆ.

ಈಗ ಊರೆಲ್ಲ ಬುದ್ಧಿ ಹೇಳುತ್ತದೆ. ಅಂಗಳದ ದಣಪೆಯ ಗೇಟಿಗೆ ಬೀಗ ಹಾಕಬಹುದಿತ್ತಲ್ಲ, ಸೊಂಟಕ್ಕೆ ಹಗ್ಗ ಕಟ್ಟಬಹುದಿತ್ತಲ್ಲ. ಅಷ್ಟೆಲ್ಲ ಖರ್ಚು ಮಾಡಿ ಸೈರನ್ ಹಾಕಿಸಿ ಅದನ್ನು ಬಂದ್ ಮಾಡಿ ಕೂತವಳು ನೀನೆಂಥವಳು ಅಂತ ನರೇಶನ ಅಕ್ಕ ಬಾಯಿಬಿಟ್ಟೇ ಕೇಳಿದಳು. ಅವಳಿಗೆ ಎಂತ ಉತ್ತರ ಕೊಡಲಿ? ಆರೇಳು ವಾರ ನಮ್ಮ ಅವ್ವಿ ನಮಗೆ ತಿರುಗಿ ಸಿಕ್ಕಿದ್ದಳು ಅಂದರೆ ಅರ್ಥವಾಗುತ್ತದೆಯಾ?

ನೀನು ಇಲ್ಲಿದ್ದಾಗ ದಿನವೂ ಕಾದೆ. ಆ ಮಾತನ್ನು ತಿರುಗಿಸಿ ನನಗೆ ಆಡುತ್ತೀಯ ಅಂತ. "ಒಂದು ಬಾಗಿಲು" ಅಂತ ಶುರು ಮಾಡಿದ್ದರೂ ಸಾಕಿತ್ತು. ನೀನು ಆಡಲಿಲ್ಲ. ಆಡಿದ್ದರೆ ನನಗೆ ಜೋರಾಗಿ ಅಳಲಾದರೂ ಆಗುತ್ತಿತ್ತು.

ಹಸಿರು ಸೀರೆ ಕಪಾಟಿನಲ್ಲಿದೆ. ನೀನು ಬಿಟ್ಟುಹೋದದ್ದು ಮರೆತೋ, ಬೇಕೆಂದೋ?

ಮಾಲತಿ


ಭಟ್ಕಳ
೪ ಜನವರಿ ೨೦೨೪

ಅಕ್ಕಾ,

ಬೇಕೆಂದೇ ಬಿಟ್ಟೆ. ಇಲ್ಲಿಗೆ ತಂದು ಏನು ಮಾಡಲಿ?

ನಾನು ಏಕೆ ಆ ಮಾತು ಆಡಲಿಲ್ಲ ಅಂತ ಕೇಳುತ್ತೀಯ. ಆಡುವ ಬಾಯಿ ನನಗಿಲ್ಲ. ಬಾಗಿಲು ತೆಗೆ ಅಂತ ಬರೆದವಳು ನಾನು.

ಇನ್ನೊಂದಿದೆ. ಇದನ್ನು ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಅವತ್ತು ಫೋನಿನಲ್ಲಿ ನೀನು ಮಾತಾಡುತ್ತಿದ್ದಾಗ ಹಿಂದಿನಿಂದ ಅವ್ವಿಯ ಹಾಡು ಸಣ್ಣಗೆ ಕೇಳುತ್ತಿತ್ತು. ನಾನು ನಿನ್ನ ಮಾತನ್ನೂ ಕೇಳುತ್ತಿದ್ದೆ, ಅದನ್ನೂ ಕೇಳುತ್ತಿದ್ದೆ. ತೊಟ್ಟಿಲ ಹಾಡು. ನಡುವೆ ಅದು ನಿಂತಿತು. ಮುಗಿದು ನಿಂತದ್ದಲ್ಲ, ಅರ್ಧಕ್ಕೇ ನಿಂತದ್ದು. ನನಗೆ ಗೊತ್ತಾಯಿತು ಅಕ್ಕಾ. "ಅವ್ವಿ ಹಾಡು ನಿಲ್ಸಿದ್ಳಲ್ಲೇ" ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನೀನು ಮೊಟ್ಟೆಯ ಸಿಪ್ಪೆಯ ಮೇಲೆ ಹಲ್ಲಿ ಕೂತದ್ದನ್ನು ಹೇಳಿ ಬಿದ್ದು ಬಿದ್ದು ನಗುತ್ತಿದ್ದೆ. ನೀನು ಹಾಗೆ ನಕ್ಕದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು. ಈ ನಗು ಮುಗಿಯಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡೆ.

ನೀನು ನಗುತ್ತಲೇ ಇದ್ದೆ.

ಹಾಲು ಅಂತ ಹೇಳಿದ್ದೀಯ, ಹಾಲು ಅಂತಲೇ ಇರಲಿ. ನಾನೂ ಎಲ್ಲರಿಗೂ ಹಾಲು ಅಂತಲೇ ಹೇಳುತ್ತಿದ್ದೇನೆ.

ಭಟ್ಟರನ್ನು ಕೇಳಿದೆ. ಸಿಗದೇ ಹೋದವರಿಗೆ ದರ್ಭೆಯ ಗೊಂಬೆ ಮಾಡಿ ಕ್ರಿಯೆ ಮಾಡಬಹುದಂತೆ. ಮಾಡಿಬಿಡೋಣ. ಅವಳನ್ನು ಹಾಗೆ ಹೊಳೆಯಲ್ಲಿ ನಿಲ್ಲಿಸುವುದು ಬೇಡ. ಆ ಸೀರೆಯನ್ನು ಗೊಂಬೆಗೆ ಉಡಿಸೋಣ. ನಾನೇ ಉಡಿಸುತ್ತೇನೆ ಅಂದಿದ್ದೆನಲ್ಲ.

ಚಂದು


ಹೊನ್ನಾವರ
೧೯ ಫೆಬ್ರವರಿ ೨೦೨೪

ಚಂದು,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಹಾಡಿನ ವಿಷಯ ಓದಿದೆ. ಅದರ ಬಗ್ಗೆ ನಾನು ಎಂತದೂ ಹೇಳುವುದಿಲ್ಲ, ನೀನೂ ಇನ್ನು ಬರೆಯಬೇಡ. ಉಣ್ಣು. ಅನ್ನ ಬಿಡಬೇಡ.

ಕ್ರಿಯೆ ನೀನು ಹೇಳಿದ ಹಾಗೇ ಆಗಲಿ. ಸೀರೆ ತರುತ್ತೇನೆ, ನೀನೇ ಉಡಿಸು. ಒಂದೇ ಮಾತು: ದೀಪದ ಹೊತ್ತಿಗೆ ಮೊದಲು ನನ್ನನ್ನು ಮನೆಗೆ ಬಿಡಬೇಕು. ಭಟ್ಟರಿಗೆ ಮೊದಲೇ ಹೇಳಿಡು.

ನರೇಶ ಸೈರನ್ ಕಿತ್ತು ಹಾಕಿಸುವ ಅಂದರು. ಇನ್ನು ಯಾರಿಗೆ ಅಂತ ಇಟ್ಟುಕೊಳ್ಳುವುದು, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ ಅಂದರು. ಪಾಪ, ಅವರದೂ ತಪ್ಪಲ್ಲ. ರಮಾನಂದರು ಸಾಮಾನು ಬಿಚ್ಚಲು ಅಂತ ಬಂದಿದ್ದರು, ಏಣಿ ಹತ್ತಿಯೂ ಆಗಿತ್ತು. ನಾನು ಏಣಿ ಹಿಡಿದು ಬೇಡ ಅಂದೆ. ಬ್ಯಾಟರಿಯ ಕೆಂಪು ದೀಪ ಮಿನುಗುತ್ತಿತ್ತು, ಹೊಸದು ಹಾಕಿ ಅಂದೆ. ಅವರು ಏಣಿಯ ಮೇಲಿಂದ ನನ್ನನ್ನೇ ನೋಡಿದರು, ಆಮೇಲೆ ಇಳಿದು ಹೊಸ ಬ್ಯಾಟರಿ ಹಾಕಿಕೊಟ್ಟರು. ಕಣ್ಣನ್ನು ಒರೆಸಿ ಒಮ್ಮೆ ಕೂಗಿಸಿ ತೋರಿಸಿದರು.

ಈಗ ದಿನವೂ ಹೀಗೆ ಮಾಡುತ್ತೇನೆ. ಹಿಂಬಾಗಿಲು ಹಾಕುತ್ತೇನೆ. ಮುಂಬಾಗಿಲು ಪೂರ್ತಿ ತೆರೆದು ದಕ್ಕೆಯಿಂದ ತಂದ ಆ ದೀಪ ಹಚ್ಚಿ ಹೊಸ್ತಿಲಲ್ಲಿ ಇಡುತ್ತೇನೆ. ಕಣ್ಣನ್ನು ಬಂದ್ ಮಾಡುವುದಿಲ್ಲ. ಚಾಲೂ ಮಾಡಿ ಅಡುಗೆಮನೆಗೆ ಬಂದು ಕೂರುತ್ತೇನೆ. ಒಳಗೆ ಬರುವುದೋ ಹೊರಗೆ ಹೋಗುವುದೋ ಅದಕ್ಕೆ ಗೊತ್ತಾಗುವುದಿಲ್ಲ ಅಂತ ರಮಾನಂದರು ಅಂದಿದ್ದರಲ್ಲ.

ನನಗೆ ತಲೆ ಕೆಟ್ಟಿಲ್ಲ. ಅವ್ವಿ ಬರುವುದಿಲ್ಲ ಅಂತ ನನಗೆ ಗೊತ್ತು. ಕ್ರಿಯೆಗೆ ಒಪ್ಪಿದ್ದೇನಲ್ಲ.

ನಿನ್ನೆ ಸಂಜೆ ಅದು ಕೂಗಿತು. ಕೈಯಲ್ಲಿದ್ದ ಪಾತ್ರೆ ಎಸೆದು ಓಡಿದೆ, ನಡುಮನೆಯಲ್ಲಿ ಮೊಣಕಾಲು ಬಡಿಸಿಕೊಂಡು ಬಿದ್ದೆ, ಎದ್ದು ಮತ್ತೆ ಓಡಿದೆ. ದೀಪ ಉರಿಯುತ್ತಿತ್ತು. ಹೊಸ್ತಿಲಲ್ಲಿ ಯಾರೂ ಇರಲಿಲ್ಲ. ಎದುರಿನಿಂದ ಶರ್ಮಿಳಾ ಮೆಲ್ಲಗೆ, ಮೊದಲಿನ ಹಾಗಲ್ಲ, ಅಳುವವಳ ಹಾಗೆ ಕೇಳಿದಳು: "ಹಲ್ಲಿಯಾ ಮಾಲತೀ?"

"ಹೌದೇ. ಹಲ್ಲಿ" ಅಂದೆ.

ಮೊಟ್ಟೆಯ ಸಿಪ್ಪೆ ಬಿಚ್ಚಿ ಎಸೆದಿದ್ದೇನೆ. ಆ ಹಲ್ಲಿಯನ್ನು ಯಾರೂ ಓಡಿಸಬೇಡಿ ಅಂತ ಮನೆಯಲ್ಲಿ ಹೇಳಿದ್ದೇನೆ. ಅದು ಕೂಗಿಸಿದಾಗ ಅಡುಗೆಮನೆಯಿಂದ ಹೊಸ್ತಿಲಿಗೆ ಓಡುವಷ್ಟು ಹೊತ್ತು ಅವ್ವಿ ಬಂದಿರುತ್ತಾಳೆ.

ನಿನ್ನ ಅಕ್ಕ,
ಮಾಲತಿ